ದಿಂಬಿನ ಕೆಳಗಿನ ಚಪಾತಿ

ಗುಟ್ಟನ್ನು ಮೊದಲು ಹೊರಗೆಡಹಿದವು ಇರುವೆಗಳು. ಬೆಂಗಳೂರಿನ ಒಂದು ಮಕ್ಕಳ ಆಶ್ರಯಗೃಹದಲ್ಲಿ ಬೆಳಗಿನ ಕಸ ಗುಡಿಸುತ್ತಿದ್ದ ಹೆಂಗಸಿಗೆ, ಗೋಡೆಯ ಬುಡದಿಂದ ಒಂದು ಹಾಸಿಗೆಯವರೆಗೆ ಶಿಸ್ತಾಗಿ ಹೊರಟಿದ್ದ ಇರುವೆಯ ಸಾಲು ಕಣ್ಣಿಗೆ ಬಿತ್ತು. ದಿಂಬನ್ನೆತ್ತಿ ನೋಡಿದರೆ, ಹಳೆಯ ಪತ್ರಿಕೆಯ ಚೂರಿನಲ್ಲಿ ಸುತ್ತಿಟ್ಟ ಎರಡು ಚಪಾತಿ, ಅರ್ಧ ಬಾಳೆಯ ಹಣ್ಣು. ಹಾಸಿಗೆ ಹೊಸದಾಗಿ ಬಂದಿದ್ದ ಹುಡುಗನದು. ವಯಸ್ಸು ಹನ್ನೆರಡಿದ್ದೀತು. ಹಿಂದಿನ ರಾತ್ರಿ ಅವನಿಗೆ ಯಾರೂ ಕಡಮೆ ಬಡಿಸಿರಲಿಲ್ಲ. ಸಾಕು ಸಾಕೆನ್ನುವವರೆಗೆ ಉಂಡಿದ್ದ. ಹಾಗಿದ್ದೂ ಎರಡು ಚಪಾತಿ ಅಂಗಿಯೊಳಗೆ ಸೇರಿದ್ದವು.

ಯಾವ ಮನೆಯಲ್ಲಾದರೂ ಇಂಥದು ಕಂಡಾಗ ಹಿರಿಯರ ಬಾಯಿಂದ ಬರುವ ಮೊದಲ ಮಾತು ಯಾವುದೆಂದು ಊಹಿಸುವುದು ಕಷ್ಟವಲ್ಲ. ‘ಕೇಳಿದ್ದರೆ ಕೊಡುತ್ತಿರಲಿಲ್ಲವೆ? ಕದಿಯುವ ಬುದ್ಧಿ ಯಾಕೆ?’ ಎನ್ನುವವರು ಕೆಲವರು, ‘ಥೂ, ಕೊಳಕ!’ ಎನ್ನುವವರು ಕೆಲವರು. ಕರುಣಾಳುಗಳಾದವರು ತಲೆ ಸವರಿ, ಇನ್ನು ಮೇಲೆ ಹೀಗೆ ಮಾಡಬಾರದು ಮಗು ಎಂದು ಬುದ್ಧಿ ಹೇಳಿ, ಚಪಾತಿಗಳನ್ನು ಕಸದ ಬುಟ್ಟಿಗೆ ಹಾಕಿಯಾರು. ಆ ಹುಡುಗನ ದೃಷ್ಟಿಯಲ್ಲಿ ಈ ಮೂವರೂ ಒಂದೇ. ಮೂವರ ಕೈಯಲ್ಲಿಯೂ ಹೋದದ್ದು ಅವನ ನಾಳೆಯ ಊಟ.

ಆ ಗೃಹದಲ್ಲಿ ಮಕ್ಕಳ ಹೊಣೆ ಹೊತ್ತಿದ್ದಾಕೆಯನ್ನು ಎಲ್ಲರೂ ‘ಅಕ್ಕ’ ಎಂದೇ ಕರೆಯುತ್ತಿದ್ದರು. ಅಕ್ಕ ಅಂದು ಏನೂ ಹೇಳಲಿಲ್ಲ. ಇರುವೆ ಕೊಡವಿಸಿ, ಹಾಸಿಗೆ ಬದಲಿಸಿ, ಸಂಜೆ ಹುಡುಗನ ಕೈಗೆ ಒಂದು ಮುಚ್ಚಳದ ಡಬ್ಬಿಯನ್ನು ಕೊಟ್ಟರು.

“ಇದು ನಿನ್ನದೇ ಡಬ್ಬಿ. ಉಳಿದದ್ದನ್ನು ಇದರಲ್ಲಿ ಇಟ್ಟುಕೋ. ಮುಚ್ಚಳ ಗಟ್ಟಿಯಾಗಿ ಹಾಕು, ಇರುವೆ ಬರುವುದಿಲ್ಲ.”

ಹುಡುಗ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಇದರಲ್ಲಿ ಮೋಸವೇನಿದ್ದೀತೆಂದು ಪರೀಕ್ಷಿಸುವ ನೋಟ ಅದು.

“ಯಾರೂ ಮುಟ್ಟಂಗಿಲ್ಲ, ಹೌದಿಲ್ರಿ ಅಕ್ಕಾ?”

“ಯಾರೂ ಮುಟ್ಟುವುದಿಲ್ಲ. ನಾನೂ ಮುಟ್ಟುವುದಿಲ್ಲ.”

ಈ ಹುಡುಗ ನಿಜಕ್ಕೆ ಒಬ್ಬನೇ ಅಲ್ಲ. ಇಂಥ ಗೃಹಗಳಲ್ಲಿ ದುಡಿಯುವವರು ದಿನವೂ ಕಾಣುವ ಹಲವು ಹುಡುಗರ ಗುಣಲಕ್ಷಣಗಳು ಸೇರಿ ಆದವನು. ಅವನಿಗೊಂದು ಹೆಸರನ್ನು ಕೊಡುವುದೂ ಸುಲಭವಲ್ಲ. ಏಕೆಂದರೆ ರೈಲು ನಿಲ್ದಾಣದ ಮಕ್ಕಳು ತಾವೇ ನಾಲ್ಕು ಹೆಸರು ಹೇಳುವವರು. ಪೋಲೀಸರಿಗೆ ಒಂದು, ಜೊತೆಯ ಹುಡುಗರಿಗೆ ಒಂದು, ಹೋಟೆಲಿನ ಯಜಮಾನನಿಗೆ ಒಂದು. ನಿಜವಾದ ಹೆಸರು ಒಳಗೆ ಎಲ್ಲಿಯೋ ಭದ್ರವಾಗಿರುತ್ತದೆ. ಅದೂ ದಿಂಬಿನ ಕೆಳಗಿನ ಚಪಾತಿಯಂತೆಯೇ.

ಬೆಂಗಳೂರಿನ ಸಿಟಿ ರೈಲು ನಿಲ್ದಾಣಕ್ಕೆ ಬೆಳಗಿನ ಜಾವ ಬರುವ ಗಾಡಿಗಳಿಂದ ಸಾವಿರಾರು ಜನ ಇಳಿಯುತ್ತಾರೆ. ಎಲ್ಲರಿಗೂ ಹೋಗಬೇಕಾದ ಊರೋ ಕೇರಿಯೋ ಇರುತ್ತದೆ. ಎಲ್ಲರ ಕಾಲಿಗೂ ಅವಸರ. ಆ ಗುಂಪಿನಲ್ಲಿ ಅವಸರವಿಲ್ಲದ ಒಬ್ಬ ಹುಡುಗನಿದ್ದರೆ, ಗಂಟುಮೂಟೆಯಿಲ್ಲದೆ ಬೆಂಚಿನ ಮೇಲೆ ಕುಳಿತು ಹೊರಗಿನ ದಾರಿಯ ಕಡೆಗೆ ನೋಡುತ್ತಲೂ ಹೋಗದೆಯೂ ಇದ್ದರೆ, ಅನುಭವವುಳ್ಳವರಿಗೆ ಅರ್ಥವಾಗುತ್ತದೆ. ಮನೆಯಲ್ಲಿ ಕುಡಿದು ಬಂದು ಹೊಡೆಯುವ ತಂದೆ, ತಾಯಿ ಸತ್ತ ಮೇಲೆ ಬೇಡವಾದ ಮಗ, ಸಾಲಕ್ಕೆ ಪ್ರತಿಯಾಗಿ ದುಡಿಮೆಗೆ ಬಿಟ್ಟ ಕೂಸು, ಪರೀಕ್ಷೆಯಲ್ಲಿ ಸೋತು ಮುಖ ತೋರಿಸಲು ಹೆದರಿದವನು—ಹೀಗೆ ಕಾರಣಗಳು ಹಲವು. ಪಟ್ಟಣ ನೋಡುವ ಆಸೆಯಿಂದ ಬಂದವರೂ ಉಂಟು. ಆದರೆ ಬರಿಯ ಆಸೆ ಮಕ್ಕಳನ್ನು ಹಲವು ತಿಂಗಳ ಕಾಲ ಪ್ಲಾಟ್‌ಫಾರಂ ಮೇಲೆ ಮಲಗಿಸಲಾರದು. ಹಿಂದಿರುಗುವ ದಾರಿಯಲ್ಲಿ ಏನೋ ಒಂದು ಭಯ ನಿಂತಿದ್ದರೆ ಮಾತ್ರ ಹಾಗಾಗುತ್ತದೆ.

ಆ ಬೆಂಚಿನ ಬಳಿಗೆ ಮೊದಲು ಯಾರು ಬರುತ್ತಾರೆಂಬುದರ ಮೇಲೆ ಹುಡುಗನ ಮುಂದಿನ ಬದುಕು ನಿಂತಿರುತ್ತದೆ. ತಿಂಡಿ ಕೊಡಿಸಿ ಕೆಲಸ ಕೊಡಿಸುತ್ತೇನೆನ್ನುವ ದಳ್ಳಾಳಿ ಬರಬಹುದು. ಖಾಲಿ ನೀರಿನ ಬಾಟಲಿ ಆಯುವುದನ್ನು ಕಲಿಸಿ, ಸಂಜೆಗೆ ಸಂಪಾದನೆಯ ಪಾಲನ್ನು ಕಿತ್ತುಕೊಳ್ಳುವ ದೊಡ್ಡ ಹುಡುಗ ಬರಬಹುದು. ಹಸಿವನ್ನೂ ಚಳಿಯನ್ನೂ ಮರೆಸುವುದೆಂದು ಪಂಕ್ಚರ್ ಅಂಟಿಸುವ ಸೊಲ್ಯೂಷನ್ನನ್ನು ಬಟ್ಟೆಗೆ ಸವರಿ ಮೂಸುವ ವಿದ್ಯೆಯನ್ನು ಕಲಿಸಿಕೊಡುವವನೂ ಅವನೇ. ಹುಡುಗಿಯರಾದರೋ ನಿಲ್ದಾಣದಲ್ಲಿ ಹೆಚ್ಚು ಹೊತ್ತು ಕಾಣಸಿಗುವುದಿಲ್ಲ. ಅವರನ್ನು ಗುರುತಿಸುವ ಕೆಟ್ಟ ಕಣ್ಣು ಇನ್ನೂ ಚುರುಕು.

ಈ ಕಣ್ಣುಗಳಿಗಿಂತ ಮುಂಚೆ ಒಳ್ಳೆಯ ಕಣ್ಣೊಂದು ತಲಪಬೇಕೆಂಬ ಪ್ರಯತ್ನ ಬೆಂಗಳೂರಿನಲ್ಲಿ ಹೊಸತಲ್ಲ. 1980ರ ಸುಮಾರಿಗೆ ಡಾನ್ ಬಾಸ್ಕೋ ಸಭೆಯ ತರುಣ ವಿದ್ಯಾರ್ಥಿಗಳು ಬೀದಿಯ ಹುಡುಗರ ನಡುವೆ ಓಡಾಡತೊಡಗಿದುದರಿಂದ ‘ಬೆಂಗಳೂರು ಓಣಿಯವರ ಸೇವಾ ಕೂಟ’ ಹುಟ್ಟಿತು. ‘ಬಾಸ್ಕೋ’ ಎಂಬ ಹೆಸರಿನಿಂದ ಅದು ಊರಿಗೆಲ್ಲ ಪರಿಚಿತ. 1996ರಲ್ಲಿ ಮುಂಬಯಿಯಲ್ಲಿ ಪ್ರಾರಂಭವಾದ ಮಕ್ಕಳ ಸಹಾಯವಾಣಿ 1098 ಈಗ ದೇಶವನ್ನೆಲ್ಲ ವ್ಯಾಪಿಸಿದೆ. ಮಗುವಾಗಲಿ, ಮಗುವನ್ನು ಕಂಡವರಾಗಲಿ ಕಾಸಿಲ್ಲದೆ ಕರೆ ಮಾಡಬಹುದು. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ, ಆಸರೆಯಿಲ್ಲದೆ ಸಿಕ್ಕಿದ ಮಗುವನ್ನು ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಮಗುವಿನ ಅಭಿಪ್ರಾಯವನ್ನು ಕೇಳಬೇಕೆಂದೂ, ಆಪಾದನೆಯ ಪದಗಳನ್ನು ಬಳಸಬಾರದೆಂದೂ ಆ ಕಾಯಿದೆ ಹೇಳುತ್ತದೆ.

ಕಾನೂನು ಇಷ್ಟನ್ನು ಮಾಡಬಲ್ಲದು. ಒಂದು ಸೂರು, ಒಂದು ಹಾಸಿಗೆ, ಹೊತ್ತಿಗೆ ಸರಿಯಾಗಿ ಊಟ. ಆದರೆ ಸೂರಿನಡಿ ಬಂದ ಹುಡುಗ ಮೂರನೆಯ ದಿನ ಗೋಡೆ ಹಾರಿ ಓಡಿಹೋದರೆ? ಹಾಗೆ ಓಡಿದವರ ಸಂಖ್ಯೆ ಸಣ್ಣದಲ್ಲ. ಊಟ ಹಾಕಿದವರಿಗೆ ಇದಕ್ಕಿಂತ ಕಹಿಯಾದ ಅನುಭವ ಬೇರೊಂದಿಲ್ಲ. ‘ಇವರಿಗೆ ಬೀದಿಯೇ ರುಚಿ, ಉಪಕಾರ ಸ್ಮರಣೆಯಿಲ್ಲ’ ಎಂದು ಅವರು ನೊಂದು ನುಡಿಯುತ್ತಾರೆ.

ನಿಜಸ್ಥಿತಿ ಬೇರೆ. ಮನುಷ್ಯನ ದೇಹದಲ್ಲಿ ಅಪಾಯವನ್ನು ಸಾರುವ ಒಂದು ಏರ್ಪಾಡುಂಟು. ಕಾಲ ಬಳಿ ಹಾವು ಕಂಡಾಗ ಯೋಚನೆಗೆ ಮುಂಚೆ ಕಾಲು ಹಾರುತ್ತದೆ, ಎದೆ ಬಡಿದುಕೊಳ್ಳುತ್ತದೆ, ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ಸೇರುತ್ತವೆ. ಹಾವು ಹೋದ ಮೇಲೆ ಎಲ್ಲವೂ ಶಾಂತವಾಗಬೇಕು. ಆದರೆ ಹಾವು ದಿನವೂ ಸಂಜೆ ಮನೆಗೇ ಬರುವುದಾದರೆ? ಬೆಳೆಯುತ್ತಿರುವ ಮಗುವಿನಲ್ಲಿ ಆ ಏರ್ಪಾಡು ಶಾಂತವಾಗುವುದನ್ನೇ ಮರೆಯುತ್ತದೆ. ಕಪಾಟಿನ ಮೇಲಿನ ಪುಸ್ತಕಕ್ಕಾಗಿ ಮೇಷ್ಟರು ಕೈಯೆತ್ತಿದರೆ ಹುಡುಗ ತಲೆ ತಗ್ಗಿಸಿ ಮುದುಡುತ್ತಾನೆ. ಒಳ್ಳೆಯ ಮಂಚವನ್ನು ಬಿಟ್ಟು ಬಾಗಿಲ ಬಳಿ ನೆಲದ ಮೇಲೆ ಮಲಗುತ್ತಾನೆ. ಓಡಬೇಕಾಗಿ ಬಂದರೆ ದಾರಿ ಹತ್ತಿರವಿರಲೆಂದು. ಚಪ್ಪಲಿ ಬಿಡದೆ ನಿದ್ರಿಸುತ್ತಾನೆ. ಲೆಕ್ಕದ ಪಾಠ ತಲೆಗೆ ಹೋಗುವುದಿಲ್ಲ. ಏಕೆಂದರೆ ತಲೆಯೆಲ್ಲ ಕಾವಲು ಕೆಲಸದಲ್ಲಿ ತೊಡಗಿದೆ. ಇದನ್ನು ದಡ್ಡತನವೆಂದೂ ಒರಟುತನವೆಂದೂ ಹೆಸರಿಟ್ಟು ಕರೆಯುವುದು ವಾಡಿಕೆ. ಆದರೆ ಒಂದು ಕಾಲಕ್ಕೆ ಆ ಹುಡುಗನನ್ನು ಬದುಕಿಸಿದ ಬುದ್ಧಿವಂತಿಕೆಯೇ ಅದು. ಕಾಲ ಬದಲಾಗಿದೆಯೆಂಬ ಸುದ್ದಿ ದೇಹಕ್ಕೆ ಇನ್ನೂ ತಲಪಿಲ್ಲ, ಅಷ್ಟೆ.

ಈ ಸತ್ಯ ವೈದ್ಯರಿಗೆ ತಿಳಿದ ಬಗೆ ಸ್ವಾರಸ್ಯವಾಗಿದೆ. 1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ವಿನ್ಸೆಂಟ್ ಫೆಲಿಟಿ ಎಂಬ ವೈದ್ಯರು ಅತಿ ದಪ್ಪಗಿರುವವರಿಗೆ ತೂಕ ಇಳಿಸುವ ಚಿಕಿತ್ಸೆ ನೀಡುತ್ತಿದ್ದರು. ವಿಚಿತ್ರವೆಂದರೆ, ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ನಡುವೆ ಚಿಕಿತ್ಸೆ ಬಿಟ್ಟು ಹೋಗುತ್ತಿದ್ದರು. ಕಾರಣ ಕೆದಕಿದಾಗ, ಅವರಲ್ಲಿ ಅನೇಕರು ಎಳವೆಯಲ್ಲಿ ದೌರ್ಜನ್ಯಕ್ಕೆ ಒಳಗಾದವರೆಂಬುದು ಹೊರಬಿತ್ತು. ದಪ್ಪ ಮೈ ಅವರಿಗೆ ಪರರ ದೃಷ್ಟಿಯಿಂದ ಕಾಪಾಡುವ ಕೋಟೆಯಾಗಿತ್ತು. ವೈದ್ಯರು ಯಾವುದನ್ನು ರೋಗವೆಂದಿದ್ದರೋ ಅದು ರೋಗಿಗಳು ತಾವೇ ಕಂಡುಕೊಂಡ ಮದ್ದು! ಮುಂದೆ ಫೆಲಿಟಿಯವರೂ ರಾಬರ್ಟ್ ಆಂಡಾ ಅವರೂ ಕೂಡಿ 17,000ಕ್ಕೂ ಹೆಚ್ಚು ಜನರ ಬಾಲ್ಯವನ್ನು ವಿಚಾರಿಸಿದರು. ಬಾಲ್ಯದ ಕಷ್ಟಗಳು ಹೆಚ್ಚಿದಂತೆ ನಡುವಯಸ್ಸಿನ ಹೃದ್ರೋಗ, ಕುಡಿತ, ಖಿನ್ನತೆಗಳೂ ಹೆಚ್ಚುತ್ತವೆಂಬ ಅವರ ವರದಿ 1998ರಲ್ಲಿ ಪ್ರಕಟವಾಯಿತು.

ಅದಕ್ಕೂ ಹಿಂದೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಬಾಂಬಿನ ಭಯದಿಂದ ಇಂಗ್ಲೆಂಡಿನ ನಗರಗಳ ಮಕ್ಕಳನ್ನು ತಾಯಿತಂದೆಯರಿಂದ ಬೇರ್ಪಡಿಸಿ ಹಳ್ಳಿಗಳಿಗೆ ಸಾಗಿಸಿದ್ದರು. ಅವರಲ್ಲಿ ಯಾವ ಮನೆಯಲ್ಲಿಯೂ ನಿಲ್ಲದ ತುಂಟರಿಗಾಗಿ ಆಕ್ಸ್‌ಫರ್ಡ್ ಸೀಮೆಯಲ್ಲಿ ವಸತಿಗೃಹಗಳು ಏರ್ಪಟ್ಟವು. ಅವುಗಳಿಗೆ ಸಲಹೆ ನೀಡುತ್ತಿದ್ದ ವೈದ್ಯ ಡೊನಾಲ್ಡ್ ವಿನಿಕಾಟ್, ಕದಿಯುವ ಮಗು ಹುಡುಕುತ್ತಿರುವುದು ಆ ವಸ್ತುವನ್ನಲ್ಲ, ತನಗೆ ಹಕ್ಕಿದ್ದ ತಾಯಿಯನ್ನು ಎಂದು ಕಂಡುಕೊಂಡರು. ಅಂಥ ಮಗು ಆಸೆಯನ್ನಿನ್ನೂ ಬಿಟ್ಟಿಲ್ಲ. ಆದ್ದರಿಂದಲೇ ಕದಿಯುತ್ತದೆ ಎಂಬುದು ಅವರ ಅಭಿಪ್ರಾಯ. ಏನನ್ನೂ ಕದಿಯದೆ, ಏನನ್ನೂ ಕೇಳದೆ, ಗೋಡೆಯ ಕಡೆ ಮುಖ ಮಾಡಿ ಮಲಗಿದ ಮಗುವಿನ ಬಗ್ಗೆಯೇ ಹೆಚ್ಚು ಚಿಂತಿಸಬೇಕು.

ಹಾಗಾದರೆ ಮಾಡಬೇಕಾದುದೇನು? ನೊಂದ ಮಕ್ಕಳ ಆರೈಕೆಯನ್ನು ಕುರಿತು ಈಗ ದೊಡ್ಡ ಶಾಸ್ತ್ರವೇ ಬೆಳೆದಿದೆ. ಅದರ ತಿರುಳು ಮಾತ್ರ ಸಣ್ಣ ಸಣ್ಣ ಕೆಲಸಗಳಲ್ಲಿದೆ. ಕೋಣೆಗೆ ಹೋಗುವ ಮುನ್ನ ಬಾಗಿಲು ತಟ್ಟುವುದು. ಮಲಗಿದ ಹುಡುಗನನ್ನು ಮುಟ್ಟಿ ಎಬ್ಬಿಸದೆ, ದೂರ ನಿಂತು ಹೆಸರು ಹಿಡಿದು ಕರೆಯುವುದು. ನಾಳೆ ಏನಾಗಲಿದೆ, ಯಾರು ಬರುತ್ತಾರೆ, ಎಲ್ಲಿಗೆ ಕರೆದೊಯ್ಯುತ್ತಾರೆ ಎಂಬುದನ್ನು ಇಂದೇ ಹೇಳುವುದು. ನೀಲಿ ಅಂಗಿ ಬೇಕೋ ಹಸಿರು ಬೇಕೋ ಎಂದು ಕೇಳುವುದು. ಬಾಳಿನಲ್ಲಿ ಯಾರೂ ಏನನ್ನೂ ಕೇಳದ ಹುಡುಗನಿಗೆ ಅಂಗಿಯ ಬಣ್ಣವೂ ದೊಡ್ಡ ಸ್ವಾತಂತ್ರ್ಯವೇ. ನಡೆಸಲಾಗದ ಮಾತನ್ನು ಕೊಡದಿರುವುದು. ‘ಭಾನುವಾರ ನಿನ್ನ ತಂಗಿಗೆ ಫೋನ್ ಮಾಡಿಸುತ್ತೇನೆ’ ಎಂದ ಮೇಲೆ ಭಾನುವಾರ ಮಾಡಿಸಲೇ ಬೇಕು. ಸೋಮವಾರ ಮಾಡಿಸಿದರೆ ಅದು ಸುಳ್ಳಿನ ಲೆಕ್ಕಕ್ಕೆ ಸೇರುತ್ತದೆ.

ಮತ್ತೊಂದು ಮುಖ್ಯ ಸಂಗತಿ, ಕತೆ ಕೇಳದಿರುವುದು. ನಿಲ್ದಾಣದಲ್ಲಿ ಒಬ್ಬರು, ಠಾಣೆಯಲ್ಲಿ ಒಬ್ಬರು, ಆಸ್ಪತ್ರೆಯಲ್ಲಿ ಒಬ್ಬರು, ಸಮಿತಿಯಲ್ಲಿ ಒಬ್ಬರು, ಕೊನೆಗೆ ಹುಟ್ಟುಹಬ್ಬಕ್ಕೆ ಸಿಹಿ ಹಂಚಲು ಬಂದ ಗೃಹಸ್ಥರೂ ಸಹ ‘ಯಾಕಪ್ಪ ಮನೆ ಬಿಟ್ಟು ಬಂದೆ?’ ಎಂದು ಕೇಳುತ್ತಾರೆ. ಪ್ರತಿಯೊಂದು ಸಾರಿಯೂ ಹುಡುಗ ಆ ರಾತ್ರಿಯ ಹೊಡೆತವನ್ನು ಮತ್ತೆ ತಿನ್ನಬೇಕು. ಇಲ್ಲವೆ ಸುಳ್ಳು ಹೇಳಬೇಕು. ಅವನು ಜಾಣ, ಸುಳ್ಳನ್ನೇ ಆರಿಸಿಕೊಳ್ಳುತ್ತಾನೆ. ಆಮೇಲೆ ಅವನನ್ನು ಸುಳ್ಳುಗಾರನೆನ್ನುತ್ತಾರೆ. ಅಕ್ಕ ಆರು ವಾರ ಏನೂ ಕೇಳಲಿಲ್ಲ. ಸಂಜೆ ಕಾಳು ಆರಿಸುವಾಗ, ಬಟ್ಟೆ ಮಡಿಸುವಾಗ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳುತ್ತಿದ್ದರು. ಕಣ್ಣು ಕಣ್ಣು ನೋಡದೆ, ಕೈಗೆ ಕೆಲಸವಿದ್ದಾಗ, ಮಾತು ತಾನಾಗಿ ಬರುತ್ತದೆಂಬುದು ಹೆಂಗಸರಿಗೆಲ್ಲ ತಿಳಿದ ವಿಷಯವೇ.

ಇದೆಲ್ಲವೂ ಸುಗಮವಾಗಿ ನಡೆಯಿತೆಂದು ಭಾವಿಸಬಾರದು. ಒಂದು ರಾತ್ರಿ ಸಾರಿನಲ್ಲಿ ಉಪ್ಪು ಹೆಚ್ಚಾಯಿತೆಂಬ ನೆಪಕ್ಕೆ ಹುಡುಗ ತಟ್ಟೆಯನ್ನೆತ್ತಿ ಗೋಡೆಗೆ ಬೀಸಿದ. ಅಡುಗೆಯವನು ಕೈಯೆತ್ತಿ ಮುಂದೆ ಬಂದ. ಅಕ್ಕ ನಡುವೆ ನಿಂತರು. ಇಂಥ ಹೊತ್ತಿನಲ್ಲಿಯೇ ಮನೆಮಂದಿಯ ನ್ಯಾಯವಾದ ಪ್ರಶ್ನೆ ಏಳುತ್ತದೆ: ನೊಂದವನೆಂದು ಎಲ್ಲವನ್ನೂ ಸಹಿಸಬೇಕೆ? ಶಿಸ್ತು ಬೇಡವೆ? ಖಂಡಿತ ಬೇಕು. ಶಿಸ್ತಿಲ್ಲದ ಮನೆ ಹೆದರಿದ ಮಗುವಿಗೆ ಮತ್ತಷ್ಟು ಹೆದರಿಕೆಯ ಜಾಗ. ಅಲ್ಲಿ ಯಾರು ಯಾವಾಗ ಏನು ಮಾಡುವರೋ ತಿಳಿಯದು. ಆದರೆ ಹೊಡೆತ ಶಿಸ್ತಲ್ಲ. ಇಂಥ ಗೃಹಗಳಲ್ಲಿ ಮಕ್ಕಳನ್ನು ಹೊಡೆದು ದಂಡಿಸುವುದು ಅಪರಾಧವೆಂದು ಕಾಯಿದೆಯ 82ನೆಯ ಸೆಕ್ಷನ್ ಹೇಳುತ್ತದೆ. ಅಲ್ಲದೆ ಹೊಡೆತದಿಂದ ಓಡಿಬಂದವನಿಗೆ ಹೊಡೆತ ಕಲಿಸುವುದು ಒಂದೇ ಪಾಠವನ್ನು: ಎಲ್ಲ ಮನೆಗಳೂ ಒಂದೇ.

ಅಂದು ಹುಡುಗ ಉಸಿರು ಇಳಿಯುವವರೆಗೆ ಜಗಲಿಯ ಮೇಲೆ ಕುಳಿತ. ಅಕ್ಕ ನಾಲ್ಕು ಮಾರು ದೂರ ಕುಳಿತರು. ಮಾತಿಲ್ಲ. ಆಮೇಲೆ ಅವನಿಗೆ ಬೇರೆ ತಟ್ಟೆಯಲ್ಲಿ ಊಟ ಬಂತು. ಊಟದ ನಂತರ ಪೊರಕೆಯೂ ಬಂತು. ಗೋಡೆ ಒರೆಸಿ, ನೆಲ ತೊಳೆದು, ಮರುದಿನ ಬೆಳಗ್ಗೆ ಅಡುಗೆಯವನಿಗೆ ‘ತಪ್ಪಾತ್ರಿ ಅಣ್ಣಾ’ ಎಂದ. ಅಡುಗೆಯವನೂ ಅದಕ್ಕಿಂತ ಕಷ್ಟದಿಂದ, ‘ನಾನೂ ಕೈಯೆತ್ತಬಾರದಾಗಿತ್ತು ಬಿಡಪ್ಪ’ ಎಂದ. ಹಿರಿಯನೊಬ್ಬ ತಪ್ಪೊಪ್ಪಿಕೊಂಡುದನ್ನು ಹುಡುಗ ಹುಟ್ಟಿದಂದಿನಿಂದ ಕೇಳಿರಲಿಲ್ಲ.

ಆ ರಾತ್ರಿ ಅಕ್ಕನಿಗೆ ನಿದ್ರೆ ಬರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಮಕ್ಕಳ ನೋವನ್ನು ದಿನವೂ ಕೇಳುವವರ ಎದೆಯಲ್ಲಿಯೂ ಆ ನೋವು ಕೂಡಿಬೀಳುತ್ತದೆ. ಇಂಥ ಗೃಹಗಳಲ್ಲಿ ಸಂಬಳ ಸಾಮಾನ್ಯವಾಗಿ ಅಲ್ಪ, ಕೆಲಸಕ್ಕೆ ಗಡಿಯಾರವಿಲ್ಲ. ಬೇಸತ್ತು ಬಿಟ್ಟುಹೋಗುವವರು ಹಲವರು. ಅಕ್ಕ ಬದಲಾದಾಗಲೆಲ್ಲ ಮಕ್ಕಳ ನಂಬಿಕೆ ಮತ್ತೆ ಮೊದಲಿನಿಂದ ಮೊಳೆಯಬೇಕು. ಆದುದರಿಂದ ಆರೈಕೆ ಮಾಡುವವರಿಗೂ ತರಬೇತಿ ಬೇಕು, ತಮ್ಮ ದಣಿವನ್ನು ಹೇಳಿಕೊಳ್ಳಲು ಒಬ್ಬರು ಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2020ರಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ಆರಂಭವಾದ ‘ಸಂವಾದ್’ ಯೋಜನೆ ಕಷ್ಟದಲ್ಲಿರುವ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಶಿಕ್ಷಣ ನೀಡುವುದಕ್ಕಾಗಿಯೇ ಹುಟ್ಟಿದುದು.

ಹುಡುಗನನ್ನು ಮನೆಗೆ ಕಳಿಸುವ ಪ್ರಶ್ನೆಯೂ ಎದ್ದಿತು. ಮಗುವಿಗೆ ಮನೆಯೇ ಲೇಸೆಂಬುದು ಕಾಯಿದೆಯ ಮತ. ಲೋಕದ ಮತವೂ ಅದೇ. ಎಷ್ಟೋ ಮಕ್ಕಳ ಪಾಲಿಗೆ ಅದು ನಿಜ. ವರ್ಷಗಟ್ಟಲೆ ಹುಡುಕುತ್ತಿದ್ದ ತಾಯಿ ನಿಲ್ದಾಣದಲ್ಲಿಯೇ ಕುಸಿದು ಅಳುವ ಪ್ರಸಂಗಗಳುಂಟು. ಆದರೆ ಯಾವ ಮನೆಯಿಂದ ಓಡಿಬಂದನೋ ಆ ಮನೆ ಬದಲಾಗಿದೆಯೆ ಎಂದು ನೋಡದೆ ಟಿಕೆಟ್ಟು ಕೊಂಡು ಕಳಿಸಿದರೆ, ಹುಡುಗ ಮುಂದಿನ ಗಾಡಿಗೆ ಹಿಂದಿರುಗುತ್ತಾನೆ. ಈ ಸಲ ಸಹಾಯ ಕೇಂದ್ರದ ಎದುರು ಸುಳಿಯುವುದೇ ಇಲ್ಲ. ಸಮಿತಿಯವರು ಊರಿನಿಂದ ವರದಿ ತರಿಸಿದರು. ತಂದೆ ಕುಡಿತ ಬಿಟ್ಟಿರಲಿಲ್ಲ. ತಂಗಿ ಅಜ್ಜಿಯ ಮನೆಯಲ್ಲಿದ್ದಳು. ಏನು ಬೇಕೆಂದು ಹುಡುಗನನ್ನೇ ಕೇಳಿದರು. ‘ಸಾಲಿ ಇಲ್ಲೇ ಕಲೀತೀನ್ರಿ. ರಜಾಕ್ಕ ತಂಗೀನ್ನ ನೋಡಾಕ ಹೋಗ್ತೀನಿ’ ಎಂದ. ಕಾಗದದ ಮೇಲೆ ಬರೆದುಕೊಂಡರು. ಅಂದು ಅವನು ಹೇಳಿದ ಹೆಸರೂ ಬೇರೆಯಿತ್ತು. ಅದನ್ನು ಯಾರೂ ಎತ್ತಿ ಆಡಲಿಲ್ಲ. ಹಾಜರಿ ಪುಸ್ತಕದಲ್ಲಿ ಹಳೆಯ ಹೆಸರನ್ನು ಹೊಡೆದು ಹೊಸದನ್ನು ಬರೆದರು.

ಡಬ್ಬಿಯ ಮಾತು ಉಳಿಯಿತು. ಮೊದಲ ತಿಂಗಳು ಅದರಲ್ಲಿ ದಿನವೂ ಚಪಾತಿ ಸೇರುತ್ತಿತ್ತು. ಹುಡುಗ ರಾತ್ರಿ ಎರಡು ಸಲ ಎದ್ದು ಮುಚ್ಚಳ ತೆಗೆದು ನೋಡುತ್ತಿದ್ದ. ತಿನ್ನುತ್ತಿರಲಿಲ್ಲ, ಇದೆಯೆಂದು ನೋಡಿ ಮಲಗುತ್ತಿದ್ದ. ಮುಂದೆ ಚಪಾತಿಯ ಬದಲು ಬಿಸ್ಕತ್ತು ಬಂತು, ಆಮೇಲೆ ಗೋಲಿಗಳೂ ಸೇರಿದವು. ಏಳೆಂಟು ತಿಂಗಳು ಕಳೆದ ಮೇಲೆ ಒಂದು ದಿನ, ಹಾಸಿಗೆ ಬಿಸಿಲಿಗೆ ಹಾಕುವಾಗ ಡಬ್ಬಿ ಉರುಳಿ ಬಾಯಿ ತೆರೆಯಿತು. ಒಳಗೆ ಬೂಷ್ಟು ಹಿಡಿದ ಒಂದು ಚಪಾತಿ! ಯಾವಾಗಲೋ ಇಟ್ಟು ಮರೆತುಬಿಟ್ಟಿದ್ದ. ಗುಡಿಸುವ ಹೆಂಗಸು ಮೂಗು ಮುಚ್ಚಿಕೊಂಡಳು. ಅಕ್ಕನಿಗೆ ಮಾತ್ರ ಅದಕ್ಕಿಂತ ಸಂತೋಷದ ಸಂಗತಿ ಆ ವರ್ಷದಲ್ಲಿ ಬೇರೊಂದಿರಲಿಲ್ಲ. ನಾಳೆಯ ಊಟವನ್ನು ಮರೆಯುವ ಧೈರ್ಯ ಹುಡುಗನಿಗೆ ಬಂದಿತ್ತು.

ಇಂಥ ಹುಡುಗರು ಬೆಳೆಯುತ್ತಾರೆ. ಹದಿನೆಂಟು ತುಂಬಿದ ದಿನ ಕಾಯಿದೆಯ ಪ್ರಕಾರ ಅವರು ಮಕ್ಕಳಲ್ಲ. ಆ ಮೇಲೆ 21ರವರೆಗೆ, ವಿಶೇಷ ಸಂದರ್ಭಗಳಲ್ಲಿ 23ರವರೆಗೆ, ನೆರವು ನೀಡಲು ಕಾನೂನಿನಲ್ಲಿ ಅವಕಾಶವುಂಟು. ಆದರೆ ಗೃಹದ ಹಾಸಿಗೆಯನ್ನು ಮುಂದೆ ಬರುವ ಹುಡುಗನಿಗೆ ಬಿಡಬೇಕು. ಸ್ವಂತ ಮನೆಯ ಮಕ್ಕಳು ಹದಿನೆಂಟಕ್ಕೆ ಬಟ್ಟೆ ಒಗೆದುಕೊಳ್ಳಲೂ ತಾಯಿಯನ್ನು ಕರೆಯುವ ಈ ಊರಿನಲ್ಲಿ, ಈ ಹುಡುಗ ಕೆಲಸವೊಂದನ್ನು ಹಿಡಿದು, ಸ್ನೇಹಿತನೊಬ್ಬನ ಜೊತೆ ಬಾಡಿಗೆಯ ಕೋಣೆ ಹುಡುಕಿಕೊಂಡು ಹೊರಡುತ್ತಾನೆ.

ಬಡಾವಣೆಯ ಬೀದಿಗಳಲ್ಲಿ ‘ಬಾಡಿಗೆಗೆ ಇದೆ’ ಎಂಬ ಹಲಗೆಗಳಿಗೆ ಕೊರತೆಯಿಲ್ಲ. ಗೇಟಿನ ಬಳಿ ನಿಂತ ಹುಡುಗ ಮರ್ಯಾದಸ್ಥನಂತೆ ಕಾಣುತ್ತಾನೆ. ಇಸ್ತ್ರಿಯ ಅಂಗಿ, ಬಾಚಿದ ತಲೆ. ಯಜಮಾನರು ಕನ್ನಡಕ ಸರಿಪಡಿಸಿಕೊಂಡು ವಾಡಿಕೆಯ ಪ್ರಶ್ನೆಗಳನ್ನು ಕೇಳುತ್ತಾರೆ: “ಯಾವೂರಪ್ಪ? ತಂದೆ ಏನು ಮಾಡುತ್ತಾರೆ? ಮನೆಯವರು ಯಾರೂ ಜೊತೆಗೆ ಬಂದಿಲ್ಲವೆ?”

ಹುಡುಗ ಒಂದು ಗಳಿಗೆ ಸುಮ್ಮನಿರುತ್ತಾನೆ. ಅವನ ಬಳಿ ಹಳೆಯ ಸುಳ್ಳುಗಳು ಬೇಕಾದಷ್ಟಿವೆ. ಒಂದನ್ನು ಹೇಳಿದರೆ ಕೋಣೆ ಸಿಕ್ಕೀತು. ನಿಜ ಹೇಳಿದರೆ ಸಿಗುವುದೋ ಇಲ್ಲವೋ, ಅದು ಗೇಟಿನ ಒಳಗಿರುವವರ ಕೈಯಲ್ಲಿದೆ.